ಅನ್ನಪಾನನಿರೋಧವೂ ನಗರದ ಲೆಕ್ಕಪುಸ್ತಕವೂ

ಶ್ರಾವಕನ ಪ್ರಥಮ ಅಣುವ್ರತವಾದ ಅಹಿಂಸೆಗೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠಶಾಲೆಯಲ್ಲಿ ಮಕ್ಕಳಿಗೆ ಇವನ್ನು ಕಲಿಸುವಾಗ ಎತ್ತು ಕುದುರೆಗಳ ಉದಾಹರಣೆ ಕೊಡುವುದು ರೂಢಿ. ಗಾಡಿಗೆ ಮಿತಿಮೀರಿ ಹೇರು ಹೇರುವುದು ಅತಿಭಾರಾರೋಪಣ. ದುಡಿದು ಬಂದ ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು ಅನ್ನಪಾನನಿರೋಧ. ಆಶ್ರಿತರಾದ ಆಳುಕಾಳುಗಳ ವಿಷಯದಲ್ಲಿಯೂ ಇದೇ ನಿಯಮ ಸಲ್ಲುತ್ತದೆಂಬುದನ್ನು ಹಿರಿಯರು ಮರೆಯದೆ ಹೇಳುತ್ತಿದ್ದರು. ಆದರೆ ಒಡೆಯನು ಒಬ್ಬ ವ್ಯಕ್ತಿಯಾಗಿರದೆ ಒಂದು ಮಹಾನಗರವೇ ಆಗಿದ್ದರೆ? ಬೊಕ್ಕಸ ಬರಿದಾಯಿತೆಂದು ಆ ನಗರವು ತನ್ನ ಬೀದಿಯ ಕಸ ತೆಗೆಯುವವನನ್ನೂ ಬೆಂಕಿ ಆರಿಸುವವನನ್ನೂ ಮಕ್ಕಳಿಗೆ ಅಕ್ಷರ ಕಲಿಸುವವಳನ್ನೂ ಒಂದೇ ದಿನ ಮನೆಗೆ ಕಳುಹಿಸಿದಾಗ, ಆ ಅತಿಚಾರದ ದೋಷ ಯಾರನ್ನು ಮುಟ್ಟುತ್ತದೆ?

ಈ ಪ್ರಶ್ನೆ ಕೇವಲ ಕಲ್ಪನೆಯದಲ್ಲ. 1975ರ ಜುಲೈ 1ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇದು ನಡೆಯಿತು. ಹೊಸ ಆರ್ಥಿಕ ವರ್ಷದ ಆ ಮೊದಲ ದಿನ ಸುಮಾರು 5 ಸಾವಿರ ಪೊಲೀಸರು, ಸಾವಿರಕ್ಕೂ ಮಿಕ್ಕ ಅಗ್ನಿಶಾಮಕ ಸಿಬ್ಬಂದಿ, ಸುಮಾರು 3 ಸಾವಿರ ನೈರ್ಮಲ್ಯ ಕಾರ್ಮಿಕರು, ಇನ್ನೂ ಅನೇಕ ಇಲಾಖೆಗಳ ನೌಕರರು ಕೆಲಸ ಕಳೆದುಕೊಂಡರು. ಕೆಲಸ ಹೋದ ಪೊಲೀಸರು ಬ್ರೂಕ್ಲಿನ್ ಸೇತುವೆಯ ಮೇಲೆ ಸಂಚಾರ ತಡೆದರು. ನೈರ್ಮಲ್ಯ ಕಾರ್ಮಿಕರು ಮುಷ್ಕರ ಹೂಡಿದರು. ಬೇಸಿಗೆಯ ಬಿಸಿಲಿಗೆ ಕಸದ ರಾಶಿಗಳು ಬೀದಿಬೀದಿಯಲ್ಲಿ ನಾರತೊಡಗಿದವು. ಮುಂದಿನ ಮೂರು ವರ್ಷಗಳಲ್ಲಿ, ಕೆಲಸದಿಂದ ತೆಗೆದವರು ಮತ್ತು ಬಿಟ್ಟುಹೋದರೂ ಬದಲಿಗೆ ಯಾರನ್ನೂ ನೇಮಿಸದೆ ಖಾಲಿ ಉಳಿಸಿದ ಸ್ಥಾನಗಳು ಎಲ್ಲ ಸೇರಿ, ಆ ನಗರದ ನೌಕರವರ್ಗ ಸುಮಾರು 60 ಸಾವಿರದಷ್ಟು ಕುಗ್ಗಿತು.

ಇಂತಹ ಘಟನೆಯನ್ನು ಕಂಡಾಗ ಸಹೃದಯರ ಕಣ್ಣು ಸಹಜವಾಗಿ ಆ ಜುಲೈ 1ರ ಮೇಲೆ ನೆಡುತ್ತದೆ. ಆದೇಶಕ್ಕೆ ರುಜು ಹಾಕಿದವರು ಯಾರು, ಕಲ್ಲೆದೆಯವರು ಯಾರು ಎಂದು ಹುಡುಕಲು ಮನಸ್ಸು ಹೊರಡುತ್ತದೆ. ಅಲ್ಲಿ ಸಿಗುವವನು ಮೇಯರ್ ಏಬ್ರಹಾಂ ಬೀಮ್. ಆತ ಕಲ್ಲೆದೆಯವನೇನೂ ಆಗಿರಲಿಲ್ಲ; ವೃತ್ತಿಯಿಂದ ಲೆಕ್ಕಿಗ, ಮೇಯರ್ ಆಗುವ ಮೊದಲು ಎರಡು ಅವಧಿಗೆ ನಗರದ ಲೆಕ್ಕಪತ್ರಗಳ ಮುಖ್ಯಾಧಿಕಾರಿಯಾಗಿದ್ದವನು. ಅಂದು ಅವನ ಮುಂದೆ ಇದ್ದುದು ಕಡಿತ ಅಥವಾ ದಿವಾಳಿ, ಇವೆರಡೇ. ಆ ಒಂದು ದಿನವನ್ನಷ್ಟೇ ತಕ್ಕಡಿಗೆ ಹಾಕಿದರೆ ತಪ್ಪು ಯಾರದೂ ಅಲ್ಲವೆಂದೇ ತೋರುತ್ತದೆ. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ನಮ್ಮ ಶಾಸ್ತ್ರವು ಘಾತಕ್ಕಿಂತ ಮೊದಲು ಪ್ರಮಾದವನ್ನು ಹೆಸರಿಸುತ್ತದೆ. ಕೈ ಎತ್ತಿದ ಕ್ಷಣವನ್ನಲ್ಲ, ಎಚ್ಚರ ತಪ್ಪಿದ ಕ್ಷಣವನ್ನು ಮೊದಲು ವಿಚಾರಿಸಬೇಕೆಂಬುದು ಇದರ ತಾತ್ಪರ್ಯ. ಹಾಗೆ ನೋಡಿದರೆ ಜುಲೈ 1 ಫಲದ ದಿನ. ಬಿತ್ತಿದ ದಿನಗಳು ಅದಕ್ಕಿಂತ ಹತ್ತು ವರ್ಷ ಹಿಂದಿನಿಂದಲೂ ಇದ್ದವು, ಮತ್ತು ಅವು ಬಹಳ ನೆಮ್ಮದಿಯ ದಿನಗಳಾಗಿದ್ದವು.

ಆ ವರ್ಷಗಳಲ್ಲಿ ನಗರಕ್ಕೆ ನಿಜವಾದ ಕಷ್ಟಗಳಿದ್ದುದನ್ನು ಮರೆಮಾಚಬೇಕಾಗಿಲ್ಲ. ಕಾರ್ಖಾನೆಗಳು ಬೇರೆ ಕಡೆಗೆ ಹೋಗುತ್ತಿದ್ದವು. ಅನುಕೂಲವಂತರು ಹೊರವಲಯದ ಊರುಗಳಿಗೆ ವಲಸೆ ಹೋಗಿ ತಮ್ಮ ತೆರಿಗೆಯನ್ನೂ ಜೊತೆಗೆ ಕೊಂಡೊಯ್ದಿದ್ದರು. ಬಡವರ ಪರಿಹಾರ ಹಾಗೂ ವೈದ್ಯಕೀಯ ನೆರವಿನ ವೆಚ್ಚದ ಸುಮಾರು ಕಾಲುಭಾಗವನ್ನು ನಗರವೇ ಹೊರಬೇಕಿತ್ತು. ಕಷ್ಟ ಬರುವುದು ದೋಷವಲ್ಲ. ಕಷ್ಟವನ್ನು ಪುಸ್ತಕದಲ್ಲಿ ಬಚ್ಚಿಟ್ಟುದು ದೋಷ. ಕಟ್ಟಡ ಸೇತುವೆಗಳಿಗೆಂದು ಪಡೆದ ದೀರ್ಘಾವಧಿಯ ಸಾಲದ ಹಣವನ್ನು ದಿನದಿನದ ಖರ್ಚಿಗೆ ಬಳಸಿ ಅದನ್ನು ಬಂಡವಾಳ ವೆಚ್ಚವೆಂದು ಬರೆದರು. ಬಾರದ ಆದಾಯವನ್ನು ಬಂದೇಬಿಟ್ಟಿತೆಂದು ಬರೆದರು. ಮಾಲೀಕರು ಕೈಬಿಟ್ಟು ಹೋದ ಹಾಳು ಮನೆಗಳ ತೆರಿಗೆ ಬಾಕಿ ಇನ್ನೆಂದೂ ವಸೂಲಾಗದೆಂದು ತಿಳಿದವರೂ ಅದನ್ನು ಬರಬೇಕಾದ ಹಣದ ಕಾಲಂನಲ್ಲಿ ಸೇರಿಸಿ, ಅದರ ಆಧಾರದ ಮೇಲೆ ಮತ್ತೆ ಅಲ್ಪಾವಧಿ ಸಾಲಪತ್ರಗಳನ್ನು ಹೊರಡಿಸಿದರು. 1975ರ ವಸಂತದಲ್ಲಿ ಬ್ಯಾಂಕುಗಳು ಇನ್ನು ಈ ಪತ್ರಗಳನ್ನು ಮಾರಲಾರೆವೆಂದು ಕೈಚೆಲ್ಲಿದಾಗ, ಅಲ್ಪಾವಧಿಯ ಸಾಲವೊಂದೇ ಸುಮಾರು 600 ಕೋಟಿ ಡಾಲರಿಗೆ ಏರಿತ್ತು.

ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ. ಸುಳ್ಳು ದಸ್ತಾವೇಜು ಬರೆಯುವುದು ಎಂದು ಅದರ ಅರ್ಥ. ಅಂಗಡಿಯ ಗದ್ದುಗೆಯ ಮೇಲೆ ಕುಳಿತು ವಹಿ ಬರೆಯುವವರ ವಂಶದಲ್ಲಿ ಹುಟ್ಟಿದ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಗಮನಿಸಬೇಕಾದುದು, ನ್ಯೂಯಾರ್ಕಿನ ಆ ಬರವಣಿಗೆಯಿಂದ ಬರೆದವರ ಜೇಬಿಗೆ ಕಳ್ಳಹಣ ಸೇರಿರಲಿಲ್ಲ ಎಂಬುದು. ಗ್ರಂಥಾಲಯಗಳು ತೆರೆದಿದ್ದವು, ಸುರಂಗ ರೈಲಿನ ದರ 35 ಸೆಂಟಿನಲ್ಲಿಯೇ ನಿಂತಿತ್ತು, 1847ರಲ್ಲಿ ಆರಂಭವಾದ ನಗರದ ಕಾಲೇಜಿನ ಪರಂಪರೆಯಂತೆ ಬಡವರ ಮಕ್ಕಳು ಶುಲ್ಕವಿಲ್ಲದೆ ಪದವಿ ಪಡೆಯುತ್ತಿದ್ದರು, ನೌಕರರ ಸಂಘಗಳಿಗೆ ವೇತನ ಏರಿಕೆ ದೊರೆಯುತ್ತಿತ್ತು, ಬ್ಯಾಂಕುಗಳಿಗೆ ಸಾಲಪತ್ರ ಮಾರಿದ ಲಾಭ ಬರುತ್ತಿತ್ತು. ಎಲ್ಲರಿಗೂ ಹಿತವಾಗಿದ್ದ ಸುಳ್ಳು ಅದು. ಕೃತ, ಕಾರಿತ, ಅನುಮೋದಿತ ಎಂದು ಪಾಪವನ್ನು ಮೂರು ಬಗೆಯಾಗಿ ಎಣಿಸುವ ಕ್ರಮ ಇಲ್ಲಿ ಬಹಳ ಉಪಯುಕ್ತ. ಬರೆದವರು ಕೆಲವರು, ಬರೆಸಿದವರು ಇನ್ನು ಕೆಲವರು, ತಿಳಿದೂ ಸುಮ್ಮನಿದ್ದು ತಲೆದೂಗಿದವರು ಲಕ್ಷಗಟ್ಟಲೆ.

ಹಾಗಾದರೆ ಫಲವನ್ನೂ ಎಲ್ಲರೂ ಹಂಚಿಕೊಂಡರೆ? ಇಲ್ಲಿಯೇ ವಿಷಯ ಕಹಿಯಾಗುತ್ತದೆ. ನಗರ ಕಡಿತಕ್ಕೆ ಅನುಸರಿಸಿದ ನಿಯಮ ನೋಡಲು ಅತ್ಯಂತ ನ್ಯಾಯವಾದುದು: ಕೊನೆಗೆ ಬಂದವನು ಮೊದಲು ಹೋಗಬೇಕು. ಅಧಿಕಾರಿಯ ಇಷ್ಟಾನಿಷ್ಟಗಳಿಗೆ ಅವಕಾಶವಿಲ್ಲದಂತೆ ಹಿರಿತನವನ್ನು ಕಾಯುವ ಈ ನಿಯಮಕ್ಕಾಗಿ ಕಾರ್ಮಿಕರು ದೀರ್ಘಕಾಲ ಹೋರಾಡಿದ್ದರು. ಆದರೆ ಕೊನೆಗೆ ಬಂದವರು ಯಾರು? ದಶಕಗಳ ಕಾಲ ಬಾಗಿಲ ಹೊರಗೆ ನಿಂತು, ಆಗತಾನೆ ಒಳಗೆ ಕಾಲಿಟ್ಟಿದ್ದ ಕಪ್ಪು ಜನಾಂಗದವರು, ಸ್ಪ್ಯಾನಿಷ್ ಮಾತಾಡುವ ಪೋರ್ಟೊರಿಕೋ ಮೂಲದವರು, ಮತ್ತು ಗಸ್ತಿನ ಕೆಲಸಕ್ಕೆ ನಿಯುಕ್ತರಾಗಿ ಎರಡು ಮೂರು ವರ್ಷವೂ ತುಂಬದ ಮಹಿಳಾ ಪೊಲೀಸರು. ಸುಳ್ಳು ಲೆಕ್ಕದ ಸುಖವನ್ನು ಅತ್ಯಂತ ಕಡಿಮೆ ಕಾಲ ಅನುಭವಿಸಿದವರು ಅದರ ದಂಡವನ್ನು ಎಲ್ಲರಿಗಿಂತ ಮೊದಲು ತೆತ್ತರು. ನಿಯಮವು ನ್ಯಾಯವಾಗಿದ್ದೂ ಫಲ ಅನ್ಯಾಯವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕೆಲಸ ಹೋಗುವುದಕ್ಕಿಂತ ಮುಂಚಿನ ಯಾತನೆಯೂ ಒಂದಿದೆ. ಆ ವರ್ಷದ ಮೇ ಜೂನ್ ತಿಂಗಳುಗಳಲ್ಲಿ ಎಷ್ಟು ಜನರನ್ನು ತೆಗೆಯಲಾಗುವುದೆಂಬ ಸಂಖ್ಯೆ ಮತ್ತೆ ಮತ್ತೆ ಬದಲಾಯಿತು. ರಾಜ್ಯದ ಶಾಸನಸಭೆಯನ್ನು ಹೆದರಿಸಿ ಹೊಸ ತೆರಿಗೆಯ ಅನುಮತಿ ಪಡೆಯಲು ಮೇಯರ್ ದೊಡ್ಡ ಸಂಖ್ಯೆಗಳನ್ನು ಹೇಳುತ್ತಿದ್ದಾನೆಂದು ಕೆಲವರು ನಂಬಿದರು. ನಿಜವೆಂದು ಕೆಲವರು ನಂಬಿದರು. ಪೊಲೀಸ್ ಮತ್ತು ಅಗ್ನಿಶಾಮಕ ಸಂಘಗಳು ತಮ್ಮ ಭಯವನ್ನು ಊರಿನ ಭಯವನ್ನಾಗಿ ಮಾಡಲು, ಹೊರಗಿನಿಂದ ಬರುವ ಪ್ರಯಾಣಿಕರಿಗೆ ಹಂಚಲೆಂದು, ಇದು ಭಯದ ನಗರ ಎಂದು ಸಾರುವ ಪುಸ್ತಿಕೆಯನ್ನೇ ಅಚ್ಚು ಹಾಕಿಸಿದವು. ಜುಲೈ 1ರಂದು ತೆಗೆದ ಪೊಲೀಸರಲ್ಲಿ ಸುಮಾರು 2 ಸಾವಿರ ಮಂದಿಯನ್ನು ಕೆಲವೇ ದಿನಗಳಲ್ಲಿ ಮರಳಿ ಕರೆದರು. ಉಳಿದವರಲ್ಲಿ ಅನೇಕರು ಕರೆಗಾಗಿ ವರ್ಷಗಟ್ಟಲೆ ಕಾದರು. ಆರ್ತಧ್ಯಾನದ ಪ್ರಕಾರಗಳನ್ನು ಓದಿದವರಿಗೆ ಈ ಸ್ಥಿತಿಯ ಪರಿಚಯವಿದೆ. ಇರುವ ಇಷ್ಟವಸ್ತು ಕೈಬಿಟ್ಟೀತೆಂಬ ಚಿಂತೆಯಲ್ಲಿ ಚಿತ್ತ ಹಗಲಿರುಳು ಸುತ್ತುತ್ತಿರುವುದು ಅದು. ಮನೆಬಾಡಿಗೆ, ಮಕ್ಕಳ ಬಟ್ಟೆ, ತಾಯಿಯ ಔಷಧಿ ಎಲ್ಲವೂ ಒಂದು ಲಕೋಟೆಯೊಳಗೆ ಇವೆಯೋ ಇಲ್ಲವೋ ಎಂದು ತಿಳಿಯದೆ ಎರಡು ತಿಂಗಳು ಕಳೆದ ಸಂಸಾರಕ್ಕೆ, ಕೊನೆಗೆ ಕೆಲಸ ಉಳಿಯಿತೆಂದ ಮಾತ್ರಕ್ಕೆ ಏನೂ ಆಗಲಿಲ್ಲವೆಂದು ಹೇಳಲಾಗದು. ದ್ರವ್ಯಹಿಂಸೆ ತಪ್ಪಿತು, ಭಾವಹಿಂಸೆ ನಡೆದುಹೋಗಿತ್ತು. ಆಡಳಿತಗಾರರು ಇದನ್ನು ಚೌಕಾಸಿಯ ಉಪಾಯವೆಂದು ಬಳಸುವಾಗ ಇದರ ಭಾರವನ್ನು ಯಾವ ಬಾಬಿನಲ್ಲಿಯೂ ಬರೆಯುವುದಿಲ್ಲ.

ಇನ್ನು ಕೆಲಸ ಉಳಿದವರ ಮಾತು. ಶಿಕ್ಷಕರು ಸಾವಿರಗಟ್ಟಲೆ ಕಡಿಮೆಯಾದರು, ಮಕ್ಕಳು ಕಡಿಮೆಯಾಗಲಿಲ್ಲ, ತರಗತಿಗಳು ಕಿಕ್ಕಿರಿದವು. ಬೆಂಕಿಯಂತೂ ಆಯವ್ಯಯ ನೋಡಿ ಹೊತ್ತಿಕೊಳ್ಳುವುದಿಲ್ಲ. 1972ರಿಂದಲೇ ಅಗ್ನಿಶಾಮಕ ದಳಗಳನ್ನು ಕಡಿಮೆ ಮಾಡುತ್ತ ಬಂದಿದ್ದ ನಗರವು, ಎಲ್ಲಿ ದಳ ತೆಗೆದರೆ ವಾಹನ ತಲುಪುವ ಸಮಯ ಹೆಚ್ಚು ಬದಲಾಗದೆಂದು ಗಣಿತದ ಮಾದರಿಗಳಿಂದ ಲೆಕ್ಕ ಹಾಕಿಸಿತ್ತು. ಆ ಲೆಕ್ಕದ ಫಲವಾಗಿ ದಕ್ಷಿಣ ಬ್ರಾಂಕ್ಸ್‌ನಂತಹ, ಹಳೆಯ ಮನೆಗಳು ಒತ್ತೊತ್ತಾಗಿ ನಿಂತು ದಿನವೂ ಬೆಂಕಿ ಕಾಣುತ್ತಿದ್ದ ಬಡ ಬಡಾವಣೆಗಳಲ್ಲಿಯೇ ದಳಗಳು ಮುಚ್ಚಿದವು. ಅಲ್ಲಿ ಉಳಿದ ದಳಗಳು ಒಂದು ಬೆಂಕಿಯಿಂದ ಇನ್ನೊಂದಕ್ಕೆ ಓಡಿದವು. ಅತಿಭಾರಾರೋಪಣಕ್ಕೆ ಎತ್ತಿನ ಗಾಡಿಯ ಉದಾಹರಣೆಯೇ ಬೇಕೆಂದೇನೂ ಇಲ್ಲ. ಒಬ್ಬನಿಗೆ ಅನ್ನಪಾನನಿರೋಧವಾದಾಗ ಪಕ್ಕದವನಿಗೆ ಅತಿಭಾರಾರೋಪಣವಾಗುತ್ತದೆ. ಈ ಎರಡು ಅತಿಚಾರಗಳನ್ನು ಆಚಾರ್ಯರು ಅಕ್ಕಪಕ್ಕದಲ್ಲಿಯೇ ಇರಿಸಿದ್ದು ಕಾಕತಾಳೀಯವಿದ್ದರೂ ಇರಬಹುದು, ಆದರೆ ಎಷ್ಟು ಒಪ್ಪುತ್ತದೆ!

ಬ್ರೂಕ್ಲಿನ್ನಿನ ನಾರ್ತ್‌ಸೈಡ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ 212ನೇ ಎಂಜಿನ್ ದಳದ ಠಾಣೆಯಿತ್ತು. 1975ರ ನವೆಂಬರಿನಲ್ಲಿ ಅದನ್ನು ಮುಚ್ಚಲು ಬಂದಾಗ ನೆರೆಹೊರೆಯವರು ಒಳನುಗ್ಗಿ ಠಾಣೆಯಲ್ಲಿಯೇ ಕುಳಿತರು. ಹಬ್ಬದ ಅಡಿಗೆಯೂ ಅಲ್ಲಿಗೇ ಬಂತು. ಸರದಿಯ ಮೇಲೆ ಅಲ್ಲಿಯೇ ಮಲಗುತ್ತ, ಸುಮಾರು ಹದಿನಾರು ತಿಂಗಳ ಕಾಲ ಆ ಕಟ್ಟಡವನ್ನು ಕಾಯ್ದರು; ಕೊನೆಗೆ ನಗರ ಮಣಿಯಿತು. ಹಿಂಸೆಯಿಲ್ಲದೆ ನಡೆದ ಈ ಧರಣಿಯನ್ನು ಅಲ್ಲಿಯವರು ಜನರ ಅಗ್ನಿಶಾಮಕ ಠಾಣೆ ಎಂದು ಇಂದಿಗೂ ನೆನೆಯುತ್ತಾರೆ.

ಕಡಿತವೇ ಆಗಬಾರದಿತ್ತೆಂದು ದೂರದಲ್ಲಿ ಕುಳಿತು ಹೇಳುವುದು ಸುಲಭ. ಗೃಹಸ್ಥನ ಬದುಕಿನಲ್ಲಿ ಆರಂಭೀ ಹಿಂಸೆ ಪೂರ್ತಿ ತಪ್ಪದೆಂದು ಒಪ್ಪಿಕೊಂಡ ಧರ್ಮ ಅಂತಹ ಸುಲಭದ ಮಾತನ್ನು ಆಡಲಾರದು. ಹಣವಿಲ್ಲದ ಖಜಾನೆಯಿಂದ ಸಂಬಳ ಹುಟ್ಟುವುದಿಲ್ಲ. ವಿಚಾರ ಮಾಡಬೇಕಾದುದು ಸರದಿಯನ್ನು: ಹಣ ಸಾಲದಾದಾಗ ಯಾರಿಗೆ ಕೊಟ್ಟ ಮಾತು ಮೊದಲು ಮುರಿಯಬೇಕು? ಈ ಪ್ರಶ್ನೆಗೆ ನ್ಯೂಯಾರ್ಕ್ ಕೊಟ್ಟ ಉತ್ತರ ದಾಖಲೆಯಲ್ಲಿದೆ. 1975ರ ನವೆಂಬರಿನಲ್ಲಿ ರಾಜ್ಯವು ಕಾನೂನು ಮಾಡಿ, ನಗರದ ಅಲ್ಪಾವಧಿ ಸಾಲಪತ್ರ ಇರಿಸಿಕೊಂಡವರು ಅಸಲಿಗಾಗಿ ಮೂರು ವರ್ಷ ಕಾಯಬೇಕೆಂದು ವಿಧಿಸಿತು. ಮರುವರ್ಷದ ನವೆಂಬರಿನಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಗರವು ತನ್ನ ವಿಶ್ವಾಸವನ್ನೇ ಒತ್ತೆಯಿಟ್ಟು ಹಣ ಪಡೆದಿದೆ, ಕಷ್ಟಕಾಲವೆಂಬ ಕಾರಣಕ್ಕೆ ಆ ಮಾತಿನಿಂದ ಹಿಂದೆ ಸರಿಯಲು ಸಂವಿಧಾನ ಬಿಡುವುದಿಲ್ಲ ಎಂಬುದು ತೀರ್ಪಿನ ಸಾರ. ಮಾತು ಉಳಿಸಿಕೊಳ್ಳಬೇಕೆಂಬ ತೀರ್ಪನ್ನು ಆಕ್ಷೇಪಿಸುವವರು ಯಾರು? ಸಾಲಪತ್ರ ಕೊಂಡವರೆಲ್ಲ ಶ್ರೀಮಂತರಾಗಿರಲಿಲ್ಲ; ಉಳಿತಾಯದ ಹಣ ತೊಡಗಿಸಿದ ಸಾಧಾರಣ ಸಂಸಾರಗಳೂ ಅವರಲ್ಲಿದ್ದವು. ಆದರೂ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮನಸ್ಸು ಕಸಿವಿಸಿಗೊಳ್ಳುತ್ತದೆ. ಹಣ ಕೊಟ್ಟವನಿಗೆ ನಗರ ಕೊಟ್ಟ ಕಾಗದ ಮಾತಾಯಿತು. ಮೈ ಕೊಟ್ಟು ದುಡಿದವನಿಗೆ ಕೊಟ್ಟ ಕೆಲಸ ಕೇವಲ ಖರ್ಚಾಯಿತು. ಒಂದನ್ನು ಮುರಿಯಲು ಶಾಸನಸಭೆಯ ಕಾನೂನೂ ಸಾಲದೆ ಹೋಯಿತು, ಇನ್ನೊಂದಕ್ಕೆ ಒಂದು ನೋಟೀಸು ಸಾಕಾಯಿತು.

ಈ ಕಥೆಯಲ್ಲಿ ಟ್ರಸ್ಟಿಗಳಾಗಿರುವ ಓದುಗರು ವಿಶೇಷವಾಗಿ ಮನನ ಮಾಡಬೇಕಾದ ಭಾಗ ಇನ್ನೊಂದಿದೆ. 1975ರ ಅಕ್ಟೋಬರ್ 17ರಂದು ನಗರ ತೀರಿಸಬೇಕಾದ ಸಾಲಕ್ಕೆ ಹಣವಿರಲಿಲ್ಲ. ದಿವಾಳಿಯ ಪ್ರಕಟಣೆಯ ಕರಡು ಸಿದ್ಧವಾಗಿತ್ತು. ಉಳಿದಿದ್ದ ಒಂದೇ ದಾರಿಯೆಂದರೆ ಶಿಕ್ಷಕರ ಪಿಂಚಣಿ ನಿಧಿ 15 ಕೋಟಿ ಡಾಲರಿನ ಬಾಂಡುಗಳನ್ನು ಕೊಳ್ಳುವುದು. ಅದೇ ನಗರ ತಮ್ಮ ಸಹೋದ್ಯೋಗಿಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊರಹಾಕಿತ್ತು. ಅದಕ್ಕಿಂತ ಮಿಗಿಲಾಗಿ, ಆ ಹಣ ವೃದ್ಧ ಶಿಕ್ಷಕರ ಮುಪ್ಪಿನ ಅನ್ನ. ಇರಿಸಿಕೊಂಡವರ ಸ್ವಂತದ್ದಲ್ಲ, ನ್ಯಾಸ. ಮುಳುಗುವ ದೋಣಿಗೆ ನ್ಯಾಸದ ಹಣ ಹಾಕುವುದು ನ್ಯಾಸಾಪಹಾರವಾಗದೇ? ಟ್ರಸ್ಟಿಗಳು ಹಿಂದಿನ ರಾತ್ರಿ ಒಪ್ಪಲಿಲ್ಲ. ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಂಕರ್ ಮರುದಿನ ಮಧ್ಯಾಹ್ನ ಒಪ್ಪಿದ, ನಗರ ಉಳಿಯಿತು. ಆ ನವೆಂಬರಿನಲ್ಲಿ ಆದ ಒಪ್ಪಂದದಂತೆ ನೌಕರರ ಪಿಂಚಣಿ ನಿಧಿಗಳು ಒಟ್ಟು ಸುಮಾರು 250 ಕೋಟಿ ಡಾಲರಿನ ಬಾಂಡು ಕೊಳ್ಳಲು ಮುಂದಾದವು. ನಿವೃತ್ತ ಶಿಕ್ಷಕರು ಕೆಲವರು ನ್ಯಾಯಾಲಯಕ್ಕೆ ಹೋದರು. 1978ರಲ್ಲಿ ತೀರ್ಪು ಟ್ರಸ್ಟಿಗಳ ಪರವಾಗಿ ಬಂತು, ಮತ್ತು ಅದರ ಕಾರಣ ಬಹಳ ಸೂಕ್ಷ್ಮವಾದುದು: ಅವರು ನಗರವನ್ನು ಉಳಿಸಬೇಕೆಂಬ ಉತ್ಸಾಹದಿಂದ ಹಾಗೆ ಮಾಡಲಿಲ್ಲ, ನಿಧಿಗೆ ವರ್ಷವರ್ಷ ಹಣ ತುಂಬುವ ಮುಖ್ಯ ದಾತಾರ ನಗರವೇ ಆದುದರಿಂದ, ಅದು ಬಿದ್ದರೆ ನಿಧಿಯೂ ಬತ್ತೀತೆಂದು ಫಲಾನುಭವಿಗಳ ಹಿತವನ್ನೇ ಎಣಿಸಿ, ಬೇರೆ ಹಣದ ಮೂಲಗಳನ್ನು ವಿಚಾರಿಸಿ, ನಿಬಂಧನೆಗಳನ್ನು ಹಾಕಿ ಕೊಟ್ಟರು. ಎಚ್ಚರದಿಂದ ಮಾಡಿದ ಅಪಾಯದ ಕೆಲಸಕ್ಕೂ ಎಚ್ಚರಗೇಡಿನಿಂದ ಮಾಡಿದ ಸುರಕ್ಷಿತ ಕೆಲಸಕ್ಕೂ ಇರುವ ಅಂತರವನ್ನು ಆ ನ್ಯಾಯಾಧೀಶರು ಗುರುತಿಸಿದ್ದರು. ಆ ವರ್ಷದ ವೇತನ ಏರಿಕೆಯನ್ನು ಮುಂದೂಡಲು ಸಂಘಗಳು ಒಪ್ಪಿದಾಗಲೂ ಹೆಚ್ಚು ಸಂಬಳದವರು ಹೆಚ್ಚು ಪಾಲನ್ನು, ಕಡಿಮೆ ಸಂಬಳದವರು ಕಡಿಮೆ ಪಾಲನ್ನು ಬಿಡುವಂತೆ ಏರ್ಪಾಡಾಯಿತು. ಸರದಿಯ ಬಗ್ಗೆ ಯೋಚಿಸಿದವರು ಅಲ್ಲಿಯೂ ಇದ್ದರು ಎಂಬುದಕ್ಕೆ ಇದು ಸಾಕ್ಷಿ.

ಹಳೆಯ ಕಾಲದ ಪರದೇಶದ ಮಾತು ಇದೆಂದು ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ 2023ರ ಸೆಪ್ಟೆಂಬರ್ 5ರಂದು, ಆಯವ್ಯಯ ಸರಿದೂಗಿಸಲಾರೆನೆಂದು ಕಾನೂನಿನ ಪ್ರಕಾರ ಘೋಷಿಸಿತು. ಅಲ್ಲಿ ಕಾರಣಗಳಲ್ಲಿ ಮುಖ್ಯವಾದುದೊಂದು ಇನ್ನೂ ವಿಚಿತ್ರ. ಗಂಡಸರೇ ಹೆಚ್ಚಾಗಿದ್ದ ಕಸ ಸಾಗಿಸುವಂತಹ ಕೆಲಸಗಳಿಗೆ ಕೊಟ್ಟ ಬೋನಸ್ಸನ್ನು, ಅದಕ್ಕೆ ಸಮಾನವಾದ ಕೆಲಸ ಮಾಡುತ್ತಿದ್ದ ಅಡಿಗೆಯವರು, ಶುಚಿಗೊಳಿಸುವವರು, ರೋಗಿಗಳ ಆರೈಕೆ ಮಾಡುವವರು ಮುಂತಾದ ಹೆಂಗಸರಿಗೆ ಕೊಟ್ಟಿರಲಿಲ್ಲ. 2012ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಕೆಲಸ ಬಿಟ್ಟ ಹೆಂಗಸರಿಗೂ ದಾವೆಯ ಹಕ್ಕಿದೆಯೆಂದಿತು. ನಗರಸಭೆ 2023ರ ಹೊತ್ತಿಗೆ ಸುಮಾರು 110 ಕೋಟಿ ಪೌಂಡ್ ತೆತ್ತಿದ್ದರೂ ಬಾಕಿ ತೀರಿರಲಿಲ್ಲ. ಕೊಡದೆ ಉಳಿಸಿದ ಕೂಲಿಯನ್ನು ಉಳಿತಾಯವೆಂದು ಭಾವಿಸಿದ ವರ್ಷಗಳೆಲ್ಲ ಸಾಲದ ವರ್ಷಗಳಾಗಿದ್ದವು. ಆ ಸಾಲವನ್ನು ತೀರಿಸುವ ಸರದಿ ಬಂದಾಗ ನೂರಾರು ಹುದ್ದೆಗಳ ಕಡಿತದ ಮಾತು ಬಂತು, 2024ರಲ್ಲಿ ಮನೆತೆರಿಗೆ ಸುಮಾರು ಶೇಕಡ 10ರಷ್ಟು ಏರಿತು, 2025ರ ಮಾರ್ಚಿನಿಂದ ಕಸ ಸಂಗ್ರಹಿಸುವವರು ಪೂರ್ಣ ಮುಷ್ಕರಕ್ಕಿಳಿದರು. ಒಬ್ಬರಿಗೆ ನ್ಯಾಯ ದೊರೆಯುವಾಗ ಮತ್ತೊಬ್ಬರಿಗೆ ಆತಂಕ ದೊರೆಯಿತು. ಕೂಲಿಯನ್ನು ಆಯಾ ತಿಂಗಳಿನಲ್ಲಿಯೇ ಸರಿಯಾಗಿ ಕೊಟ್ಟಿದ್ದರೆ ಈ ಸಂಕಟ ಹುಟ್ಟುತ್ತಿರಲಿಲ್ಲ.

ನಮ್ಮ ಬಸದಿ ಟ್ರಸ್ಟುಗಳ ಪುಸ್ತಕಗಳು ನಗರದ ಪುಸ್ತಕಗಳಿಗಿಂತ ಚಿಕ್ಕವು, ಅಷ್ಟೇ. ಒಂದು ಟ್ರಸ್ಟು ವೈಭವದ ಪಂಚಕಲ್ಯಾಣ ಮಹೋತ್ಸವ ಮಾಡಲು ಹೊರಟು, ಕಲಶಗಳ ಸವಾಲಿನಲ್ಲಿ ಕೂಗಿದ ಮೊತ್ತವನ್ನೆಲ್ಲ ಕೈಗೆ ಬಂದ ಹಣವೆಂದೇ ಬರೆದುಕೊಂಡಿತೆನ್ನೋಣ. ಮಂಟಪ ಎದ್ದಿತು, ಭೋಜನಶಾಲೆಯಲ್ಲಿ ಸಾವಿರಾರು ಎಲೆ ಬಿದ್ದವು. ಕೂಗಿದವರಲ್ಲಿ ಕೆಲವರು ಕೊಡಲಿಲ್ಲ. ಮರುವರ್ಷದ ಸಭೆಯಲ್ಲಿ ಕೊರತೆಯ ಮಾತು ಬಂದಾಗ ಮೊದಲು ಪ್ರಸ್ತಾಪವಾಗುವ ಹೆಸರುಗಳು ಯಾವುವು? ಅಂಗಳ ಗುಡಿಸುವವಳದು, ರಾತ್ರಿ ಕಾವಲಿನವನದು, ಅಡಿಗೆಮನೆಯ ಸಹಾಯಕನದು. ಬಾಕಿ ಉಳಿಸಿಕೊಂಡ ದಾನಿಯ ಹೆಸರನ್ನು ಸಭೆಯಲ್ಲಿ ಎತ್ತುವುದು ಮರ್ಯಾದೆಯಲ್ಲವೆಂದು ಎಲ್ಲರೂ ಸುಮ್ಮನಾಗುತ್ತಾರೆ. ಅವನ ಹೆಸರು ಅಮೃತಶಿಲೆಯ ಫಲಕದಲ್ಲಿ ಆಗಲೇ ಕೊರೆಯಲ್ಪಟ್ಟಿರುತ್ತದೆ. ಗುಡಿಸುವವಳಿಗೆ ಮುಂದಿನ ತಿಂಗಳು ನೋಡೋಣ ಎನ್ನುತ್ತಾರೆ. ನೋಡೋಣ ಎಂಬ ಆ ಒಂದು ಮಾತಿನಲ್ಲಿ ನ್ಯೂಯಾರ್ಕಿನ ಮೇ ಜೂನ್ ತಿಂಗಳುಗಳೆರಡೂ ಅಡಗಿವೆ. ಇಂತಹ ಸಭೆಯಲ್ಲಿ ಕೈ ಎತ್ತಿದವರಷ್ಟೇ ಅಲ್ಲ, ಎತ್ತದೆ ಗಡಿಯಾರ ನೋಡುತ್ತ ಕುಳಿತವರೂ ಅನುಮೋದನೆಯ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂಬುದನ್ನು ಪ್ರತಿಕ್ರಮಣಕ್ಕೆ ಕುಳಿತಾಗ ಅವರವರೇ ವಿಚಾರಿಸಿಕೊಳ್ಳಬೇಕಾಗುತ್ತದೆ.

ನ್ಯೂಯಾರ್ಕಿಗೆ 1975ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ ಗರಿಷ್ಠ 230 ಕೋಟಿ ಡಾಲರಿನವರೆಗೆ ಕೈಸಾಲ ಕೊಡಲು ಒಪ್ಪಿತು. ನಗರ ಅದನ್ನು ಬಡ್ಡಿಸಹಿತ ತೀರಿಸಿತು. ನಗರದ ವಿಶ್ವವಿದ್ಯಾಲಯ 1976ರಲ್ಲಿ ಮೊದಲ ಬಾರಿಗೆ ಶುಲ್ಕ ವಿಧಿಸಿತು. ನಾರ್ತ್‌ಸೈಡಿನ ಜನ ಹದಿನಾರು ತಿಂಗಳು ಕಾಯ್ದು ಉಳಿಸಿಕೊಂಡ 212ನೇ ಎಂಜಿನ್ ದಳವನ್ನು 2003ರಲ್ಲಿ, ಇನ್ನೊಂದು ಕೊರತೆಯ ವರ್ಷದಲ್ಲಿ, ಬೇರೆ ಐದು ಠಾಣೆಗಳೊಡನೆ ನಗರ ಮುಚ್ಚಿತು.